ನಮ್ಮ ಪಾಲಿಗೊಂದು ಗುಡ್ಡ ಇಲ್ಲ

ಹೋಳಿ ಹುಣ್ಣಿಮಿ ಮುಗಿದು ಯುಗಾದಿ ಬರೋದ್ರೊಳಗ ನಮ್ಮ ಕಲಬುರಗಿ ಮನಿಮನಿಯೊಳಗ ಒಂದು ಮಾತು ಏಳತದ, ಈ ಸಲ ಎಲ್ಲ್ಯಾರ ಥಂಡಿ ಇದ್ದಲ್ಲಿ ಹೋಗಿ ಬರೂಣ ಅಂತ. ಮೊದಲ ಯಾರ್ ಅಂದ್ರು ಅನ್ನೋದು ಎಂದೂ ಗೊತ್ತಾಗಂಗಿಲ್ಲ. ಬ್ಯಾರೆ ಊರವ್ರು ಹಿಲ್ ಸ್ಟೇಷನ್‌ಗೆ ಹೋಗೋದು ಮಂಜು ನೋಡ್ಲಾಕ, ಚಾ ತೋಟದಾಗ ನಿಂತು ಫೋಟೋ ಹೊಡಕೊಳ್ಳಾಕ, ಮನಸ್ಸಿಗಿ ಶಾಂತಿ ಬೇಕಂತ ಏನೇನೋ ಹೇಳ್ತಾರಲ್ಲ ಅದಕ್ಕ. ನಮಗ ಅಷ್ಟೆಲ್ಲ ಬ್ಯಾಡ್ರಿ. ಮಧ್ಯಾಹ್ನ ಎರಡಕ್ಕ ಫ್ಯಾನ್ ಹಚ್ಚಲಾರದ ಮಲಕೋಬೇಕು, ನಳ ತಿರುವಿದ್ರ ಬರೋ ನೀರಿಗಿ ಕೈ ಸುಡಬಾರದು, ಇಷ್ಟ ನಮ್ಮ ಡಿಮ್ಯಾಂಡು.

ಏಪ್ರಿಲ್, ಮೇ ಎರಡು ತಿಂಗಳು ಸರಕಾರದವ್ರು ನಮ್ಮ ಕಡಿ ಆಫೀಸ್ ಟೈಮ್ ಬದ್ಲಿ ಮಾಡ್ತಾರ, ಮುಂಜಾನಿ ಎಂಟರಿಂದ ಮಧ್ಯಾಹ್ನ ಒಂದೂವರಿ ತನಕ. ಬೆಂಗಳೂರಾಗಿನ ಗೆಳತ್ಯಾರು ಇದನ್ನ ಕೇಳಿ ಏ ನಿಮ್ದು ಆರಾಮ್ ಬಿಡೇ ಅಂತಾರ. ಒಂದೂವರಿಗಿ ಬಿಡೋದು ಅಂದ್ರ ಸೂರ್ಯ ನೆತ್ತಿ ಮ್ಯಾಲ ಇದ್ದಾಗ್ಲೇ ಹೋಗಿ ಬಿಸಲಾಗ ನಿಂತ ಸ್ಕೂಟಿ ಸೀಟಿನ ಮ್ಯಾಲ ಕೂಡೋದು ಅಂತ ಅವ್ರಿಗೇನ್ ಗೊತ್ತು. ಕೂಡೂಕಿಂತ ಮುಂಚೆ ಬಾಟಲಿಯೊಳಗಿನ ನೀರು ಸೀಟಿಗಿ ಚೆಲ್ಲಬೇಕು, ಚೆಲ್ಲಿದ್ದು ಒರಸೂ ಜರೂರ ಇಲ್ಲ, ತಾನ ಆರತದ.

ಮನಿಗಿ ಬಂದ ಮ್ಯಾಲ ಕೂಲರ್ ಸೇವಾ. ಕೂಲರ್ ಅಂದ್ರ ಮನಿಯೊಳಗಿನ ಹಿರಿ ಮನಷ್ಯಾ ಇದ್ದಂಗ, ವರ್ಷಕ್ಕೊಮ್ಮೆ ಹುಲ್ಲು ಹೊಸಾದು ಹಾಕಿಸಬೇಕು, ಹೊತ್ತೊತ್ತಿಗಿ ನೀರು ಕೊಡಬೇಕು, ಒಂದು ಬಕೀಟ್ ಕಡಿಮಿ ಬಿದ್ರೂ ಗೊರ್ ಅಂತ ಸಿಟ್ಟು ತೋರಸ್ತದ. ನಮ್ಮ ಹವಾ ಒಣ ಹವಾ ಆಗಿದ್ದಕ್ಕ ಅದು ಇಷ್ಟರ ಕೆಲಸ ಮಾಡ್ತದ, ಹುಲ್ಲಿನ್ಯಾಗಿನ ನೀರು ಆರೂ ಮುಂದ ಹವಾದಾಗಿನ ಕಾವು ತಗೊಂಡು ಹೋಗ್ತದ, ಅದೇ ಕೂಲರ್ ಮುಂಬೈಯೊಳಗ ಇಟ್ರ ಮೈ ಅಂಟಂಟು ಆಗೋದಷ್ಟ ಬಂತು. ಹೊಸ ಹುಲ್ಲು ಹಾಕಿದ ಮೊದಲ ದಿನ ಒಂದು ಹಸಿ ವಾಸನಿ ಬರ್ತದಲ್ಲ, ನೆನೆದ ಕಟಗಿದು, ಆ ವಾಸನಿ ಮೂಗಿಗಿ ಬಡದ ಕೂಡಲೇ ಶಹಾಬಾದ್ ಫರ್ಸಿ ಮ್ಯಾಲ ಚಾಪಿ ಸೈತ ಹಾಸಲಾರದ ಬಿದ್ದುಕೊಂಡವ್ರೆಲ್ಲ ಫೋನ್ ಹಿಡಕೊಂಡು ಊಟಿ ಎಷ್ಟ್ ದೂರ ಅದ ಅಂತ ನೋಡ್ಲಾಕ ಶುರು ಮಾಡ್ತಾರ.

ದೂರ ಅದ. ಅದೇ ಸಮಸ್ಯಾ. ಎಲ್ಲಾ ಗುಡ್ಡ ನಮಗ ದೂರ ಅವ.

ಇದಕ್ಕ ನಾ ಭಾಳ ವಿಚಾರ ಮಾಡೀನಿ, ಬಿಸಲಿನ್ಯಾಗ ಬ್ಯಾರೆ ಏನ್ ಕೆಲಸ. ಈ ಹಿಲ್ ಸ್ಟೇಷನ್ ಅನ್ನೋವು ತಾವಾಗೇ ಆಗಿಲ್ಲ, ಶೆಕಿ ತಾಳಲಾರದ ಬ್ರಿಟಿಷ್ ಸಾಹೇಬರು ತಮ್ಮ ತಮ್ಮ ಅನುಕೂಲಕ್ಕ ಮಾಡಿಕೊಂಡಿದ್ದು. ಕಲ್ಕತ್ತಾದಾಗ ಕುಂತ ವೈಸರಾಯ್‌ಗೆ 1864ರಿಂದ ಸಿಮ್ಲಾ ಬ್ಯಾಸಗಿ ರಾಜಧಾನಿ. ಮದ್ರಾಸಿನವ್ರಿಗಿ ಊಟಿ. ಮುಂಬೈದವ್ರಿಗಿ ಮಹಾಬಳೇಶ್ವರ, ಅಲ್ಲಿ ಪ್ಯಾಟಿಗಿ ಮಾಲ್ಕಮ್ ಪೇಟ್ ಅಂತ ಗವರ್ನರ್ ಜಾನ್ ಮಾಲ್ಕಮ್ ಹೆಸರೇ ಇಟ್ಟಿದ್ರು. ನಾವೋ ನಿಜಾಮರ ಹೈದರಾಬಾದ್ ಸಂಸ್ಥಾನದವ್ರು, ಗುಡ್ಡ ಹಂಚೂ ಮುಂದ ನಮ್ಮ ಹೆಸರು ಯಾವ ಪಟ್ಟಿಯೊಳಗೂ ಬರಲಿಲ್ಲ. ಆಮ್ಯಾಲ ಕರ್ನಾಟಕಕ್ಕ ಬಂದ್ವಿ, ಇಲ್ಲಿ ಗುಡ್ಡ ಬೇಕಾದಷ್ಟ ಅವ, ಆದ್ರ ಚಿಕ್ಕಮಗಳೂರು, ಕೊಡಗು ಎಲ್ಲಾ ಆ ತುದಿಗಿ, ನಾವು ಈ ತುದಿಗಿ.

ಗುಲಬರ್ಗಾ ಬಿಸಲಿಗಿ ಬ್ಯಾಸತ್ತು ಎದ್ದು ಹೋದ ಮೊದಲ ಫ್ಯಾಮಿಲಿ ಯಾವುದು ಅಂದ್ರ ನನ್ನ ಲೆಕ್ಕದಾಗ ಬಹಮನಿಯವ್ರದು. 1347ರಾಗ ರಾಜ್ಯ ಕಟ್ಟಿ ಇಲ್ಲಿ ಕ್ವಾಟಿ, ಮಸೀದಿ ಎಲ್ಲಾ ಮಾಡಿಕೊಂಡು ಕುಂತವ್ರು ಅಹ್ಮದ್ ಶಾಹ ಬಂದ ಮ್ಯಾಲ ಗಂಟು ಮೂಟಿ ಕಟಕೊಂಡು ರಾಜಧಾನಿನೇ ಬೀದರಿಗಿ ಒಯ್ದ್ರು. ಇತಿಹಾಸದವ್ರು ಅದಕ್ಕ ರಾಜಕೀಯದ ಕಾರಣ, ಅರಮನಿ ಜಗಳದ ಕಾರಣ ಎಲ್ಲಾ ಕೊಡ್ತಾರ, ಜೊತಿಗಿ ಬೀದರಿನ ಹವಾ ಚೊಲೋ ಅನ್ನೋದನ್ನೂ ಹೇಳ್ತಾರ, ನನಗ ಅದೊಂದೇ ಸಾಕು. ಬೀದರ ನಮಗಿಂತ ಇನ್ನೂರು ಮೀಟರ್‌ಕಿಂತ ಹೆಚ್ಚ ಎತ್ತರದಾಗ ಅದ, ಸಂಜಿ ಗಾಳಿ ಖರೇನೇ ಬ್ಯಾರೆ ಇರ್ತದ. ವೀಕೆಂಡ್‌ಗೆ ಹೋಗಿ ಐತವಾರ ರಾತ್ರಿ ವಾಪಸ್ ಬರೂ ತಾಪತ್ರಯನೇ ಬ್ಯಾಡ ಅಂತ ಅಂವ ಅಲ್ಲೇ ಇದ್ದುಬಿಟ್ಟ, ಸುಲ್ತಾನ ಇದ್ದ, ನಡೀತು.

ನಮಗ ಸೂಟಿ ಇರೋದು ಎರಡನೇ ಶನಿವಾರ, ನಾಲ್ಕನೇ ಶನಿವಾರ. ಶುಕ್ರವಾರ ಒಂದೂವರಿಗಿ ಆಫೀಸ್ ಬಿಟ್ಟು ಸೋಮವಾರ ಮುಂಜಾನಿ ಎಂಟಕ್ಕ ಕುರ್ಚಿ ಮ್ಯಾಲ ಇರಬೇಕು, ನಡುವಿಂದು ಏನದ ಅದ್ರಾಗ ಗುಡ್ಡ ಹತ್ತಿ ಇಳೀಬೇಕು. ಊಟಿ ಅಂತೀರಿ, ಬೆಂಗಳೂರೇ ಒಂದು ರಾತ್ರಿ ದಾರಿ, ಅಲ್ಲಿಂದ ಮತ್ತ ಎರಡುನೂರ ಎಪ್ಪತ್ತು ಕಿಲೋಮೀಟರ್ ಆಸುಪಾಸು, ಮ್ಯಾಲ ಮದ್ರಾಸ್ ಹೈಕೋರ್ಟ್ ಹೇಳಿದ ಮ್ಯಾಲ 2024ರ ಮೇದಿಂದ ಗಾಡಿಗಿ ಇ-ಪಾಸ್ ಬೇಕು, 2025ರ ಬ್ಯಾಸಗಿಗಂತೂ ವಾರದ ದಿನಕ್ಕ 6000 ಗಾಡಿ, ಶನಿವಾರ ಐತವಾರ 8000 ಅಂತ ಲಿಮಿಟ್ಟೇ ಹಾಕಿದ್ರು. ಸರೀ ಮಾಡ್ಯಾರ ಅಂತೀನಿ ನಾ, ಎಲ್ಲಾರೂ ಒಮ್ಮೆಲೆ ಹತ್ತಿದ್ರ ಆ ಗುಡ್ಡರ ಏನ್ ಮಾಡಬೇಕು. ಮಾಥೇರಾನ್ ನನಗ ಭಾಳ ಮನಸ್ಸದ, ಅಲ್ಲಿ ಕಾರ್, ಬೈಕ್ ಊರೊಳಗ ಬಿಡಂಗಿಲ್ಲ, ನೇರಳದಿಂದ 1907ರ ಪುಟ್ಟ ರೈಲು ಹತ್ತತದ. ನಮ್ಮ ಸ್ಟೇಷನ್ನಾಗ ಮುಂಬೈ ಗಾಡಿ ಹತ್ತಿದ್ರ ಕಲ್ಯಾಣದಾಗ ಇಳಿದು ಲೋಕಲ್ ಹಿಡದು ನೇರಳ ಮುಟ್ಟಬಹುದು, ಹೇಳ್ಲಾಕ ಭಾಳ ಸಸಾರ, ಆದ್ರ ಮಾವಗ ಮಣಕಾಲು ನೋವು, ಗಾಡಿ ಹೋಗಲಾರದ ಊರಾಗ ಅವ್ರನ್ನ ಕುದುರಿ ಮ್ಯಾಲ ಕುಂದ್ರಸೂ ಧೈರ್ಯ ನಮ್ಮ ಮನ್ಯಾಗ ಯಾರಿಗೂ ಇಲ್ಲ.

ಹಿಂಗಾಗಿ ಸುತ್ತಿ ಸುತ್ತಿ ಮಾತು ಮಹಾಬಳೇಶ್ವರಕ್ಕ ಬಂದು ನಿಂದ್ರತದ. ಸೊಲ್ಲಾಪುರ ದಾಟಿ ಪಂಢರಪುರದ ಮ್ಯಾಲ ಹಾಯ್ದು ಸಾತಾರಾ ಹಿಡದ್ರ ನಾನೂರು ಕಿಲೋಮೀಟರ್ ಹತ್ರ ಹತ್ರ. ಪಂಢರಪುರ ಅನ್ನೋ ಹೆಸರು ಯಾಕರ ಬಾಯಾಗ ಬಂತೋ, ಅತ್ತಿ ಒಳಗಿನ ಖೋಲಿಯಿಂದ ಎದ್ದು ಬಂದ್ರು. "ಅಷ್ಟ ದೂರ ಹೋಗಿ ವಿಠ್ಠಲನ ದರ್ಶನ ಮಾಡಲಾರದ ಮುಂದ ಹೋದ್ರ ಒಳ್ಳೇದಲ್ಲ ನೋಡು." ದರ್ಶನದ ಪಾಳಿ ಶನಿವಾರ ಎಷ್ಟಿರ್ತದ ಅಂತ ಯಾರೂ ಮಾತಾಡ್ಲಿಲ್ಲ, ಮಾತಾಡೂ ವಿಷಯ ಅಲ್ಲ ಅದು. ಮಾವ ಇತಿಹಾಸದ ಮಾಸ್ತರ್ ಆಗಿದ್ದವ್ರು, ಅವ್ರಿಗಿ ಪ್ರತಾಪಗಡ ನೋಡಬೇಕಾಗ್ಯಾದ, 1659ರಾಗ ಬಿಜಾಪುರದ ಸರದಾರ ಅಫ್ಜಲ್ ಖಾನ್ ಶಿವಾಜಿ ಮಹಾರಾಜರನ್ನ ಭೆಟ್ಟಿ ಆಗ್ಲಾಕ ಹೋಗಿ ಸತ್ತಿದ್ದು ಆ ಗುಡ್ಡದ ಬುಡಕ್ಕೇ. "ನಮ್ಮ ಕಡಿಯಿಂದ ಗುಡ್ಡಕ್ಕ ಹೋಗಿ ತಿರುಗಿ ಬರಲಾರದವ್ರೂ ಅದಾರವ್ವಾ" ಅಂದು ಅವ್ರು ತಾವೇ ನಕ್ಕರು. ಮಕ್ಕಳಿಗಿ ಸ್ಟ್ರಾಬೆರಿ, ನಮ್ಮ ಮನ್ಯಾವ್ರಿಗಿ ವೆಣ್ಣಾ ಕೆರಿಯೊಳಗ ಬೋಟ್. ಒಂದೂವರಿ ದಿನಕ್ಕ ಇಷ್ಟು ಹೇರಿದ ಮ್ಯಾಲ ಮಲಗೂ ಟೈಮ್ ಎಲ್ಲಿ ಉಳೀತು, ಫ್ಯಾನ್ ಇಲ್ಲದ ಮಲಗೋದೇ ಅಲ್ಲಾ ಮೂಲ ಬೇಡಿಕಿ?

ಅಷ್ಟರಾಗ ನಾ ಟ್ರಂಕಿನಿಂದ ಸ್ವೆಟರ್ ತಗದಿದ್ದೆ. ಡಾಂಬರ್ ಗುಳಿಗಿ ವಾಸನಿ ಹೋಗ್ಲಿ ಅಂತ ಮಾಳಗಿ ಮ್ಯಾಲ ಹಗ್ಗಕ್ಕ ಸಾಲಾಗಿ ಹಾಕಿದೆ, ಅತ್ತಿಯವ್ರ ಶಾಲು, ಮಾವನವರ ಮಂಕಿ ಟೋಪಿ, ಮಕ್ಕಳ ಸಣ್ಣವಾದ ಸ್ವೆಟರ್, ಕೆಳಗ ಊರು ನಲವತ್ತೆರಡು ಡಿಗ್ರಿಯೊಳಗ ಕುದೀಲಾಕತ್ತದ. ಉಣ್ಣಿ ಬಟ್ಟಿ ಬಿಸಲಿಗಿ ಎಷ್ಟ್ ಕಾದಿತ್ತಂದ್ರ ಸಂಜಿಗಿ ತಗೀಲಾಕ ಹೋದ್ರ ಒಲಿ ಮ್ಯಾಲಿನ ಬೋಗಾಣಿ ಹಿಡದಂಗೇ ತುದಿಬೆರಳಿನಿಂದ ಹಿಡಕೊಂಡು ಇಳಿಸಿದೆ. ಬಾಜೂ ಮನಿಯಾಕಿ ಕಟ್ಟಿ ಮ್ಯಾಲ ಹಾಯ್ದು ನೋಡಿ, "ಯಾಕ್ರೀ ವೈನಿ, ಯಾರಿಗರ ಥಂಡಿಜ್ವರ ಬಂದಾವೇನ್ರಿ" ಅಂದ್ಲು. ಮಹಾಬಳೇಶ್ವರ ಅಂದೆ. "ಹೌದಾ, ನಮ್ಮದೂ ಮಾತು ನಡದದ, ನಮ್ಮವ್ರು ಕೊಡೈಕೆನಾಲ್ ಅನ್ನಲಾಕತ್ತಾರ" ಅಂದ್ಲು, ಆಕಿ ಮಾರಿ ಮ್ಯಾಲಿನ ಬೆವರು ಇಲ್ಲಿ ತನಕ ಕಾಣಸ್ತಿತ್ತು.

ರಾತ್ರಿ ನನ್ನ ತಮ್ಮ ಬಂದು ಇಡೀ ಪ್ಲ್ಯಾನಿಗಿ ತಣ್ಣೀರು ಹಾಕಿದ, ಅದರ ಥಂಡಿ ಸೈತ ಯಾರಿಗೂ ಹತ್ತಲಿಲ್ಲ. ಅಂವ ಎಂಜಿನಿಯರಿಂಗ್ ಓದ್ಯಾನ, ಯಾವ ಮಾತಿಗೂ ಲೆಕ್ಕ ಹಚ್ಚತಾನ. "ಅಕ್ಕಾ, ಸಾವಿರ ಮೀಟರ್ ಮ್ಯಾಲ ಹೋದ್ರ ಅಜಮಾಸ ಆರೂವರಿ ಡಿಗ್ರಿ ಕಡಿಮಿ ಆಗ್ತದ. ನಾವು ನಾನೂರ ಐವತ್ತು ಮೀಟರ್‌ನಾಗ ಇದೀವಿ, ಅದು ಸಾವಿರದ ಮೂರುನೂರ ಐವತ್ತರ ಆಸುಪಾಸು. ಒಂಬತ್ತುನೂರು ಮೀಟರ್‌ಗೆ ಆರೇ ಡಿಗ್ರಿ." ನಲವತ್ತೆರಡರಾಗ ಆರು ಹೋದ್ರ ಮೂವತ್ತಾರು, ಇಷ್ಟಕ್ಕ ನಾನೂರು ಕಿಲೋಮೀಟರ್ ಯಾಕ ಹೋಗ್ತೀರಿ ಅನ್ನೋದು ಅವನ ಪ್ರಶ್ನಾ. ಖರೇ ಹೇಳಬೇಕಂದ್ರ ಅವನ ಲೆಕ್ಕಕ್ಕಿಂತ ಅಲ್ಲಿ ತಂಪು ಹೆಚ್ಚೇ ಇರ್ತದ, ಸಮುದ್ರದ ಗಾಳಿ, ಕಾಡು, ನೆರಳು ಇವೆಲ್ಲ ಅವನ ಫಾರ್ಮುಲಾದಾಗ ಇಲ್ಲ. ಆದ್ರೂ ಆ ಮೂವತ್ತಾರು ಅನ್ನೋ ನಂಬರ್ ಬಾಯಿಂದ ಬಂದಿದ್ದಕ್ಕ ಮಕ್ಕಳ ಮಾರಿ ಸಣ್ಣವಾದ್ವು. ಊಟಿದು ಲೆಕ್ಕ ಹಾಕು ಮಾಮಾ ಅಂತ ಗಂಟಬಿದ್ರು, ಎರಡು ಸಾವಿರದ ಎರಡುನೂರ ನಲವತ್ತು ಮೀಟರ್, ಹನ್ನೊಂದೂವರಿ ಡಿಗ್ರಿ ಕಡಿಮಿ ಅಂದ. ಮತ್ತ ಮಾತು ಇ-ಪಾಸ್‌ಗೆ ಹೋಯ್ತು.

ಹತ್ರದ್ದು ಏನಾರ ನೋಡೂಣು ಅಂತ ಅನಂತಗಿರಿ ತಗದ್ವಿ. ವಾಡಿ, ಸೇಡಂ, ತಾಂಡೂರು ದಾಟಿದ್ರ ವಿಕಾರಾಬಾದ್, ರೈಲಿನ ದಾರಿ, ಮುಂಜಾನಿ ಹೋಗಿ ಸಂಜಿಗಿ ಬರಬಹುದು. ಅನಂತ ಪದ್ಮನಾಭನ ಗುಡಿ ಅದ, ಅತ್ತಿಗೂ ನಡೀತದ. ಹೈದರಾಬಾದಿನ ಮೂಸಿ ಹೊಳಿ ಹುಟ್ಟೋದೂ ಅಲ್ಲೇ. ಮಳಿಗಾಲದಾಗ ಹಸರು ಹಸರು ಇರ್ತದ. ಮೇ ತಿಂಗಳಾಗ ಅಲ್ಲಿ ಗಿಡ ನೋಡಿದ್ರ ಅವಕ್ಕೇ ನೀರು ಕೊಡಬೇಕು ಅನಸ್ತದ. ಚಿಂಚೋಳಿ ಕಾಡಿನ ಮಾತೂ ಬಂತು, ಚಂದ್ರಂಪಳ್ಳಿ ಡ್ಯಾಮಿನ ಹತ್ರ, ಅದೂ ಮಳಿ ಬಂದ ಮ್ಯಾಲೇ ಅಂದ್ರು.

ಆವಾಗ ಅತ್ತಿ ಒಂದು ಮಾತು ಅಂದ್ರು, ನಾ ಅದನ್ನ ಇನ್ನೂ ಮರ್ತಿಲ್ಲ. ಅವ್ರ ತವರುಮನಿ ಸುರಪುರದ ಕಡಿ, ಕೃಷ್ಣಾ ದಂಡಿಗಿ, ತಿಂಥಣಿ ಮೌನೇಶ್ವರನ ಜಾತ್ರಿ ಮಾಡಿದ ಮಂದಿ. ಮಾವ ಮಹಾಬಳೇಶ್ವರದ ಪಂಚಗಂಗಾ ಗುಡಿ ಬಗ್ಗೆ ಹೇಳ್ಲಾಕತ್ತಿದ್ರು, ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಅಂತ ಐದು ಹೊಳಿ ಅಲ್ಲಿ ಹುಟ್ಟತಾವು, ಕಲ್ಲಿನ ಆಕಳ ಬಾಯಿಂದ ನೀರು ಬೀಳತದ ಅಂತ. "ಅಂದ್ರ ಆ ಗುಡ್ಡದ ನೀರೇ ನಮ್ಮೂರಿಗಿ ಬರೋದಾ?" ಹೌದು ಅಂದ್ರು ಮಾವ. "ಮತ್ತ ನಾರಾಯಣಪುರ ಡ್ಯಾಮಿಗಿ ಬರೋತನ ಅದು ಯಾಕ ಅಷ್ಟ ಬೆಚ್ಚಗ ಆಗ್ತದ?" ತಮ್ಮನ ಹತ್ರ ಇದಕ್ಕೂ ಲೆಕ್ಕ ಇತ್ತು, ಆದ್ರ ಅತ್ತಿಯವ್ರ ಮುಂದ ಬಾಯಿ ತಗೀಲಿಲ್ಲ. ನನಗಂತೂ ಆ ಮಾತಿನ್ಯಾಗ ನಮ್ಮ ಇಡೀ ಸೀಮಿಯ ತಕರಾರು ಕೇಳಿಸ್ತು. ಮ್ಯಾಲ ಅಷ್ಟು ತಂಪಿನ್ಯಾಗ ಹುಟ್ಟಿದ್ದು, ವರ್ಷಕ್ಕ ಐದು ಸಾವಿರ ಮಿಲಿಮೀಟರ್‌ಕಿಂತ ಹೆಚ್ಚು ಮಳಿ ಬೀಳೂ ಜಾಗಾದ್ದು, ನಮ್ಮ ತನಕ ಬರೋದ್ರಾಗ ತಂಪೆಲ್ಲ ಯಾರ್ಯಾರೋ ಇಟ್ಕೊಂಡು ಖಾಲಿ ನೀರು ಕಳಸ್ತಾರ.

ಕಡೀಕ ಪ್ಲ್ಯಾನ್ ಕೆಡೋದು ರೊಕ್ಕದಿಂದಲ್ಲ, ದೂರದಿಂದಲೂ ಅಲ್ಲ, ಮಳಿಯಿಂದ. ಜೂನ್ ಮೊದಲನೇ ವಾರದಾಗ ಒಂದು ಸಂಜಿ ಗಾಳಿ ಎದ್ದು, ಧೂಳು ಎದ್ದು, ಕರೆಂಟ್ ಹೋಗಿ, ಫರ್ಸಿ ಮ್ಯಾಲ ನಾಲ್ಕು ದೊಡ್ಡ ಹನಿ ಬಿದ್ದು ಕಾವು ಮ್ಯಾಲ ಹೊಡೀತದ, ಅರ್ಧ ತಾಸಿಗಿ ಮೈ ತಣ್ಣಗ. ಮರುದಿನ ಯಾರೂ ಗುಡ್ಡದ ಸುದ್ದಿ ತಗಿಯಂಗಿಲ್ಲ. ಟೆಂಪೋದಂವಗ ಫೋನ್ ಮಾಡಿ ಮುಂದ ನೋಡೂಣ ಅಂತ ಹೇಳೋದು, ಸ್ವೆಟರ್ ಟ್ರಂಕಿಗಿ ಹಾಕೋದು, ತೊಗರಿ ಬಿತ್ತೂ ಮಾತು ಶುರು. ಗುಡ್ಡದ ಆಸೆ ನಮ್ಮ ಕಡಿ ಮಾರ್ಚಿಗಿ ಹುಟ್ಟಿ ಜೂನಿಗಿ ಕೊಯ್ಲು ಆಗೋ ಬೆಳಿ.

ಗುಡ್ಡ ಖರೇ ಚಂದ ಇರೋದು ಯಾವಾಗ ಅಂತ ಅಲ್ಲಿಯವ್ರನ್ನ ಕೇಳಿದ್ರ ನವೆಂಬರಿನಿಂದ ಫೆಬ್ರವರಿ ತನಕ ಬರ್ರಿ ಅಂತಾರ, ಆವಾಗ ಆಕಾಶ ತೊಳದಿರ್ತದ, ಸ್ಟ್ರಾಬೆರಿ ಗದ್ದಿಯೊಳಗೇ ಹಣ್ಣು ಕಿತ್ತು ತಿನಬಹುದು. ಹಂಗಾಗಿ ಈ ವರ್ಷ ನಾ ಶಾಣ್ಯಾತನ ಮಾಡಿ ಮೇ ತಿಂಗಳಾಗೇ ಡಿಸೆಂಬರ್ ಎರಡನೇ ಶನಿವಾರ ಅಂತ ಫಿಕ್ಸ್ ಮಾಡಿ, ಎಲ್ಲಾರ ಕಡಿಂದ ಹೂಂ ಅನಿಸಿಕೊಂಡು, ಲಾಡ್ಜಿಗಿ ಅಡ್ವಾನ್ಸ್ ಕಳಿಸಿ ಬಿಟ್ಟೆ. ಈಗ ನವೆಂಬರ್ ಮುಗೀಲಾಕ ಬಂದದ. ಮುಂಜಾನಿ ಪೇಪರ್‌ನಾಗ ರಾಜ್ಯದಾಗ ಎಲ್ಲಾಕಿಂತ ಕಡಿಮಿ ಉಷ್ಣಾಂಶ ಬೀದರದಾಗ ಅಂತ ಬರ್ಲಾಕತ್ತದ, ನಮ್ಮ ಊರಾಗೂ ಮಂದಿ ಓಣಿ ತುದಿಗಿ ಕಸಾ ಕಟಗಿ ಕೂಡಿಸಿ ಬೆಂಕಿ ಕಾಸ್ಕೋತ ಕುಂದ್ರತಾರ. ನಿನ್ನಿ ನಾ ಬ್ಯಾಗ್ ತಗದು ಬಟ್ಟಿ ಇಡ್ಲಾಕ ಶುರು ಮಾಡಿದ್ರ ಅತ್ತಿ ಶಾಲು ಹೊದ್ದುಕೊಂಡು ಬಂದು ಬಾಗಲಾಗ ನಿಂತ್ರು.

"ಎಲ್ಲಿಗೆ ಹೊಂಟೀರಿ?"

"ಮಹಾಬಳೇಶ್ವರ್ರೀ ಅತ್ತಿ, ಮರತ್ರೇನು?"

"ಈ ಥಂಡ್ಯಾಗ? ಬ್ಯಾಸಗ್ಯಾಗ ಹೋಗೂಣ ತಗಿ."