ಜಾದೂವಿನ ಗುಟ್ಟು ಅಚ್ಚಾಗಬೇಕಿತ್ತೇ?

1876ರಲ್ಲಿ ಏಂಜಲೊ ಲೂಯಿಸ್ ಎಂಬ ಲಂಡನ್ನಿನ ವಕೀಲರು ‘ಪ್ರೊಫೆಸರ್ ಹಾಫ್‌ಮನ್’ ಹೆಸರಲ್ಲಿ ‘ಮಾಡರ್ನ್ ಮ್ಯಾಜಿಕ್’ ಪ್ರಕಟಿಸಿದರು. ಇಸ್ಪೀಟು, ನಾಣ್ಯದ ಕೈಚಳಕದಿಂದ ಹಿಡಿದು ರಂಗದ ದೊಡ್ಡ ಜಾದೂಗಳವರೆಗೆ ಗುಟ್ಟೆಲ್ಲ ಅದರಲ್ಲಿತ್ತು. ಅದು ಸರಿಯೇ?

ಪರ

ಗುಟ್ಟು ಗೊತ್ತಾದ ಮಾತ್ರಕ್ಕೆ ಜಾದೂ ಕೈಗೆ ಬರುವುದಿಲ್ಲ. ನಾಣ್ಯವನ್ನು ಅಂಗೈಯಲ್ಲಿ ಅಡಗಿಸುವುದನ್ನೇ ನೋಡಿ. ಹೆಬ್ಬೆರಳ ಬುಡದ ಉಬ್ಬಿಗೂ ಅದರೆದುರಿನ ಉಬ್ಬಿಗೂ ನಡುವೆ ನಾಣ್ಯದ ಅಂಚು ಸಿಕ್ಕಿಸಿ ಅಂಗೈಯನ್ನು ತುಸುವೇ ಬಿಗಿದರೆ ಸಾಕು, ಅದು ನಿಲ್ಲುತ್ತದೆ. ಓದಲು ಅರ್ಧ ನಿಮಿಷ. ಆದರೆ ಹೊಸಬರು ಬೀಳುವ ಭಯಕ್ಕೆ ಅತಿಯಾಗಿ ಬಿಗಿಯುತ್ತಾರೆ, ಬೆರಳು ಸೆಟೆದು ಕೈ ಮರದ ಕೊರಡಿನಂತಾಗುತ್ತದೆ. ನಾಣ್ಯ ಕಾಣದಿದ್ದರೂ ಕಳ್ಳತನ ಕಾಣುತ್ತದೆ! ನಾಣ್ಯ ಅಡಗಿರುವಾಗಲೇ ಲೋಟ ಎತ್ತಿ, ಕರವಸ್ತ್ರ ಕೊಡವಿ ತಿಂಗಳುಗಟ್ಟಲೆ ಪಳಗಬೇಕು. ಗುರು ಸಿಗದವನಿಗೆ ಪುಸ್ತಕ ಕೊಟ್ಟಿದ್ದು ಆ ಮೊದಲ ಹೆಜ್ಜೆಯನ್ನಷ್ಟೇ.

ಪ್ರೇಕ್ಷಕರು ಓಡಿಹೋದರೇ? ಜಾದೂಗಾರ ಮ್ಯಾಸ್ಕೆಲಿನ್ ಲಂಡನ್ನಿನ ಪಿಕಾಡಿಲಿಯ ಈಜಿಪ್ಷಿಯನ್ ಹಾಲ್‌ನಲ್ಲಿ 1904ರವರೆಗೂ ಆಟ ನಡೆಸಿದರು.

ವಿರೋಧ

ಕೈಚಳಕದ ಮಟ್ಟಿಗೆ ಒಪ್ಪೋಣ. ಕನ್ನಡಿಯ ಜಾದೂಗೆ?

1865ರಲ್ಲಿ ಅದೇ ಹಾಲ್‌ನಲ್ಲಿ ಜಾದೂಗಾರ ಸ್ಟೋಡೇರ್ ‘ಸ್ಫಿಂಕ್ಸ್’ ಎಂಬ ಜಾದೂ ತೋರಿಸಿದರು. ಮೂರು ಕಾಲಿನ ಬರಿ ಮೇಜು, ಮೇಲೊಂದು ಪೆಟ್ಟಿಗೆ, ಬಾಗಿಲು ತೆಗೆದರೆ ಮಾತಾಡುವ ರುಂಡ. ಮೇಜಿನಡಿ ಖಾಲಿ ಎಂದೇ ಕಾಣುತ್ತದೆ. ಆದರೆ ಮುಂಗಾಲಿನಿಂದ ಎರಡು ಹಿಂಗಾಲುಗಳಿಗೆ ಎರಡು ಕನ್ನಡಿ, ನಡುವೆ 90 ಡಿಗ್ರಿ ಕೋನ. ಅಕ್ಕಪಕ್ಕದ ಪರದೆಗಳು ಅವುಗಳಲ್ಲಿ ಮೂಡಿ ಹಿಂದಿನ ಪರದೆಯ ಭ್ರಮೆ ಹುಟ್ಟಿಸುತ್ತವೆ. ಮೂರೂ ಪರದೆ ಒಂದೇ ಬಣ್ಣದವಾಗಿರಬೇಕಾದ್ದು ಅದಕ್ಕೇ. ಕನ್ನಡಿಯ ಹಿಂದೆ ಕೂತವನು ಮೇಜಿನ ಕಿಂಡಿಯಿಂದ ಪೆಟ್ಟಿಗೆಯೊಳಕ್ಕೆ ತಲೆ ತೂರಿಸುತ್ತಾನೆ.

ಗಾಜಿನ ಮೇಲೆ ಒಂದು ಬೆರಳಚ್ಚು ಉಳಿದರೆ ಕೆಟ್ಟಿತು. ಜಾದೂಗಾರ ಮೇಜಿನ ಪಕ್ಕಕ್ಕೆ ಸರಿದರೆ ಅವನ ಕಾಲೇ ಕನ್ನಡಿಯಲ್ಲಿ ಮೂಡುತ್ತದೆ. ಇವಕ್ಕೆ ಪರಿಹಾರವಿದೆ: ಚೆನ್ನಾಗಿ ಒರೆಸಿ, ನಿಲ್ಲುವ ಜಾಗ ಗುರುತು ಮಾಡಿಕೊಳ್ಳಿ. ಗುಟ್ಟು ತಿಳಿದು ಬಂದ ಪ್ರೇಕ್ಷಕನಿಗೆ ಏನು ಪರಿಹಾರ? ಪ್ಯಾರಿಸ್‌ನಲ್ಲಿ ಇದೇ ತಂತ್ರದ ಪ್ರದರ್ಶನಕ್ಕೆ ಬಂದ ಕಿಡಿಗೇಡಿಗಳು ಮೇಜಿನಡಿಗೆ ಕಾಗದದುಂಡೆ ಎಸೆದರು. ‘ಖಾಲಿ’ ಜಾಗಕ್ಕೆ ಬಡಿದು ಉಂಡೆ ಪುಟಿಯಿತು!

ಪೇಟೆಂಟ್ ಇತ್ತಲ್ಲ ಎನ್ನಬಹುದು. ಡರ್ಕ್ಸ್ ಮತ್ತು ಪೆಪ್ಪರ್ 1863ರಲ್ಲಿ ಗಾಜಿನ ಪ್ರತಿಬಿಂಬದಿಂದ ರಂಗದ ಮೇಲೆ ಮೂಡಿಸುವ ತಮ್ಮ ‘ಭೂತ’ಕ್ಕೆ ಪಡೆದರು ಕೂಡ. ಪೇಟೆಂಟ್ ನಕಲು ಮಾಡುವವನನ್ನು ತಡೆದೀತು, ಕಾಗದದುಂಡೆಯನ್ನಲ್ಲ. ಹಾಫ್‌ಮನ್ ಇಸ್ಪೀಟು, ನಾಣ್ಯ, ಕರವಸ್ತ್ರಗಳಿಗೇ ನಿಲ್ಲಿಸಿ, ರಂಗದ ಜಾದೂಗಳ ಅಧ್ಯಾಯವನ್ನು ಕೈಬಿಡಬಹುದಿತ್ತು.