ಇಲ್ಲದ ಮನೆಯ ಅಡುಗೆಮನೆ ಯಾವ ಮೂಲೆಗೆ?

ಕಾರು ಕೊಳ್ಳುವವರ ಬೆನ್ನಿಗೆ ಬ್ಯಾಂಕಿನವರೇ ಬೀಳುತ್ತಾರೆ. ಊಟಕ್ಕೆ ಕುಳಿತರೆ ಫೋನು, ಮಲಗಿದರೆ ಸಂದೇಶ. ಷೋರೂಮಿನ ಗೇಟು ದಾಟುತ್ತಲೇ ಬೆಲೆ ಕಳೆದುಕೊಳ್ಳುವ, ರಾತ್ರೋರಾತ್ರಿ ರಾಜ್ಯದ ಗಡಿ ದಾಟಬಲ್ಲ ವಸ್ತುವಿನ ಮೇಲೆ ಅಷ್ಟು ನಂಬಿಕೆ! ಎಲ್ಲಿಗೂ ಓಡಿಹೋಗಲಾರದ ಮೂವತ್ತು–ನಲವತ್ತರ ಸೈಟಿಗೆ ಸಾಲ ಕೇಳಿ ನೋಡಿ, ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತಾರೆ.

ನಮ್ಮದು ತುಮಕೂರಿನ ಹೊರಗೆ, ಪಂಚಾಯಿತಿ ವ್ಯಾಪ್ತಿಯ ಬಡಾವಣೆ. ಬ್ಯಾಂಕು ಕೇಳಿದ್ದು ಭೂಪರಿವರ್ತನೆ ಆದೇಶ, ಪಂಚಾಯಿತಿಯ ಖಾತೆ ಪತ್ರಗಳಾದ ನಮೂನೆ 9, ನಮೂನೆ 11ಎ, ಬಡಾವಣೆ ನಕ್ಷೆ, ಮೂವತ್ತು ವರ್ಷದ ಋಣಭಾರ ಪತ್ರ, ಮೇಲೆ ಮಾರುವವರ ವಂಶವೃಕ್ಷ. ನಮ್ಮ ಮುತ್ತಜ್ಜಿಯ ಹೆಸರು ನನಗೆ ಗೊತ್ತಿಲ್ಲ. ಮಾರುವವರ ಮುತ್ತಜ್ಜಿ ಇಬ್ಬರು ಹೆಂಡಿರಲ್ಲಿ ಕಿರಿಯವಳು ಎಂಬುದು ಮಾತ್ರ ಈಗ ಬಾಯಿಪಾಠ.

ಕಾಗದ ಸಾಲದೆಂದು ಬ್ಯಾಂಕಿನಿಂದ ಸೈಟಿಗೆ ಬೆಲೆ ಕಟ್ಟುವ ವ್ಯಾಲ್ಯುಯರ್ ಬಂದರು. ಮಟಮಟ ಮಧ್ಯಾಹ್ನ, ಸೊಂಟದೆತ್ತರ ಕಾಂಗ್ರೆಸ್ ಗಿಡ. ಮೂಲೆಯ ಕಲ್ಲಿನ ಮೇಲೆ ಬರೆದ 48ರಲ್ಲಿ ಮಳೆಗೆ 4 ಅಳಿಸಿಹೋಗಿ 8 ಮಾತ್ರ ಉಳಿದಿತ್ತು. ಅವರು ರಸ್ತೆಯ ಒಂದು ತುದಿಯಿಂದ ಎಣಿಸಿಕೊಂಡು ಬಂದರೆ ನಮ್ಮದು 48, ಇನ್ನೊಂದು ತುದಿಯಿಂದ ಬಂದರೆ 47.

“ಮೇಡಂ, ಫೋಟೋದಲ್ಲಿ ಯಾವ ಸೈಟೆಂದು ತಿಳಿಯಬೇಕಲ್ಲ. ನಂಬರ್ ಬರೆದು ಹಿಡಿದುಕೊಳ್ಳಿ” ಎಂದರು. ನಮೂನೆ 9ರ ಜೆರಾಕ್ಸ್ ಪ್ರತಿಯ ಹಿಂಬದಿಗೆ 48 ಎಂದು ದಪ್ಪಗೆ ಬರೆದು ಎದೆಯ ಮುಂದೆ ಹಿಡಿದೆ. ಠಾಣೆಯಲ್ಲಿ ಸ್ಲೇಟು ಹಿಡಿದು ನಿಂತ ಸರಗಳ್ಳಿಯ ಹಾಗೆ ಕಂಡೆನೆಂದು ನಮ್ಮವರು ಆಮೇಲೆ ಹೇಳಿದರು. “ಸೈಟು ಪೂರ್ತಿ ಬರಬೇಕು, ಇನ್ನೂ ಹಿಂದೆ, ಇನ್ನೂ ಹಿಂದೆ.” ಹಿಂದೆ ಸರಿಯುತ್ತಾ ಸರಿಯುತ್ತಾ ಪಕ್ಕದವರ ಸೈಟಿನಲ್ಲಿ ನಿಂತಿದ್ದೆ. ಚಿತ್ರದ ಕೆಳಗೆ ಮೊಬೈಲು ಅಕ್ಷಾಂಶ ರೇಖಾಂಶಗಳನ್ನು ಉದ್ದುದ್ದ ದಶಾಂಶಗಳಲ್ಲಿ ನಮೂದಿಸಿ, ವಿಳಾಸ ‘ಹೆಸರಿಲ್ಲದ ರಸ್ತೆ’ ಎಂದಿತು.

ಆಮೇಲೆ ಪ್ರಶ್ನೋತ್ತರ.

“ಕಟ್ಟಡದ ವಯಸ್ಸು?”

“ಕಟ್ಟಡವೇ ಇಲ್ಲವಲ್ಲ ಸರ್.”

“ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ. ಸೊನ್ನೆ ಹಾಕುತ್ತೇನೆ.”

ಹಾಗೆ ನಮ್ಮ ಕಾಂಗ್ರೆಸ್ ಗಿಡಗಳ ನಡುವೆ ಹೊಚ್ಚಹೊಸ ಕಟ್ಟಡವೊಂದು ಎದ್ದಿತು. ಅದು ಇನ್ನೆಷ್ಟು ವರ್ಷ ಬಾಳುತ್ತದೆಂಬ ಕಾಲಮ್ಮೂ ಇತ್ತು. ಅದಕ್ಕೇನು ತುಂಬಿದರೋ, ಕೇಳುವ ಧೈರ್ಯ ಬರಲಿಲ್ಲ.

ಚಕ್ಕುಬಂದಿಯ ಗೊಂದಲ ಬಗೆಹರಿಸಿದ್ದು ಆಡು ಮೇಯಿಸುತ್ತಿದ್ದ ಅಜ್ಜಿ. “ಆ ಹುಣಸೆಮರದಿಂದ ಈಚೆಗೆ ಮೂರನೆಯದು” ಎಂದರು. ಅಲ್ಲಿ ಮರವೇ ಇರಲಿಲ್ಲ. “ಕಡಿದು ರಸ್ತೆ ಮಾಡಿದರಲ್ಲ. ನಾನು ಕಳೆ ಕಿತ್ತ ರಾಗಿ ಹೊಲ ತಾಯಿ, ನನಗೆ ಗೊತ್ತಿಲ್ಲವೇ?” ನಕ್ಷೆ ಬಿಚ್ಚಿ ನೋಡಿದರೆ ಅಜ್ಜಿ ಹೇಳಿದ್ದು ಕರಾರುವಾಕ್ಕು. ಎಕರೆ ಲೆಕ್ಕದಲ್ಲಿ ಹೋದ ಆ ಹೊಲವನ್ನು ನಾವು ಚದರಡಿ ಲೆಕ್ಕದಲ್ಲಿ ಕೊಳ್ಳುತ್ತಿದ್ದೇವೆ. ಚದರಡಿಗೆ ಎಷ್ಟೆಂದು ಅಜ್ಜಿ ಕೇಳಿದರು. ನಾನು ಆಡಿಗೆ ಎಷ್ಟು ತಿಂಗಳೆಂದು ಮಾತು ತೇಲಿಸಿದೆ.

ಇಷ್ಟಾದರೂ ಬ್ಯಾಂಕು ಕೊಡುವುದು ಬೆಲೆಯ ಒಂದು ಭಾಗವನ್ನಷ್ಟೇ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ. 1ರಿಂದ 2ಕ್ಕೆ ಏರಿದೆ. ಎಲ್ಲ ಕೂಡಿದರೆ ಶೇ. ಏಳೂವರೆ ದಾಟುವ ಈ ಹಣ ನಮ್ಮ ಜೇಬಿನಿಂದಲೇ ಹೋಗಬೇಕು. ನನ್ನ ಬಳೆಗಳು ಅದಾಗಲೇ ಅದೇ ಬ್ಯಾಂಕಿನ ಇನ್ನೊಂದು ಕೌಂಟರಿನಲ್ಲಿ ಕುಳಿತಿವೆ. ಬಡ್ಡಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆಯೇ ಎಂದರೆ, ಬರಿಯ ನೆಲಕ್ಕೆ ಇಲ್ಲ, ಮನೆ ಕಟ್ಟಿ ಮುಗಿಸಿದ ಮೇಲೆ ಬನ್ನಿ.

ಮನೆಯ ಮಾತು ಬಂದಿದ್ದೇ ತಪ್ಪಾಯಿತು. ಸಾಲ ವಿಭಾಗದ ಅಧಿಕಾರಿಗೆ ಬೋಳು ನೆಲ ಕಂಡರಾಗದು. ಇಷ್ಟು ವರ್ಷದೊಳಗೆ ಕಟ್ಟುತ್ತೇವೆಂದು ಮುಚ್ಚಳಿಕೆ ಬರೆದುಕೊಡಬೇಕು, ಕಟ್ಟದಿದ್ದರೆ ಬಡ್ಡಿ ಏರುತ್ತದೆ, ಈಗಲೇ ಪ್ಲಾನು, ಅಂದಾಜು ಪಟ್ಟಿ ತನ್ನಿ ಎಂದರು. ತಂದೆವು. ಅವರು ಕನ್ನಡಕ ಏರಿಸಿಕೊಂಡು, “ಅಡುಗೆಮನೆ ಆಗ್ನೇಯದಲ್ಲಿಲ್ಲವಲ್ಲ ಮೇಡಂ” ಎಂದು ತಮ್ಮದೇ ಪೆನ್ಸಿಲಿನಲ್ಲಿ ನನ್ನ ಒಲೆಯನ್ನು ಎತ್ತಿ ಮೂಲೆಗಿಟ್ಟರು. ದೇವರಮನೆ ಈಶಾನ್ಯಕ್ಕೆ ಹೋಯಿತು. ಹಿಂದೆ ನಿಂತವರ ಸರತಿ ಬಾಗಿಲಾಚೆಗೆ ಬೆಳೆದಿತ್ತು.

ಆ ಪೆನ್ಸಿಲಿನಿಂದಾಗಿ ಈಗ ಮನೆಯಲ್ಲಿ ರಣರಂಗ. ಒಲೆ ಆಗ್ನೇಯಕ್ಕೆ ಹೋದ ಹೊಡೆತಕ್ಕೆ ನನ್ನ ಬಟ್ಟೆ ಒಗೆಯುವ ಜಾಗ ಮಾಯ. ಬೇಕಾದರೆ ಸ್ಕೂಟರ್ ನಿಲ್ಲಿಸುವ ಕಡೆ ಒಗೆದುಕೋ ಎಂದು ನಮ್ಮವರು. ಹಾಗಾದರೆ ಸ್ಕೂಟರನ್ನು ನಿಮ್ಮ ತಲೆದಿಂಬಿನ ಪಕ್ಕ ನಿಲ್ಲಿಸಿಕೊಳ್ಳಿ ಎಂದು ನಾನು. ಸೈಟಿನ ಕ್ರಯದ ಕರಾರಿನ ಅವಧಿ ಮುಗಿಯುತ್ತಾ ಬಂದಿದೆ, ಅದರ ಚಿಂತೆ ಇಬ್ಬರಿಗೂ ಇಲ್ಲ.

ನಿನ್ನೆ ಮತ್ತೆ ಫೋನು. ಅಂದಾಜು ಪಟ್ಟಿಯಲ್ಲಿ ಸಂಪು ಬಿಟ್ಟುಹೋಗಿದೆಯಂತೆ. ಸೇರಿಸಿ ಕಳುಹಿಸಿದೆವು, ಹನ್ನೆರಡು ಸಾವಿರ ಲೀಟರಿನದು. ಕಾಗದದ ಮೇಲೆ ತಾನೇ, ಅಲ್ಲೂ ಜಿಪುಣತನ ಏಕೆ?