ಅಪ್ಪನ ರಾತ್ರಿ ಪಾಳಿ

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ, ಮಳವಳ್ಳಿ ತಾಲ್ಲೂಕು. ರಾತ್ರಿ ಒಂದೂವರೆಗೆ ಎಚ್ಚರವಾಯಿತು. ನೋಡಿದರೆ ಅಪ್ಪ ಎದ್ದು ಬ್ಯಾಟರಿ ಹುಡುಕುತ್ತಿದ್ದಾರೆ.

"ಎಲ್ಲಿಗಪ್ಪಾ ಇಷ್ಟೊತ್ತಲ್ಲಿ?"

"ಈ ವಾರ ರಾತ್ರಿ ಪಾಳಿ ಕಣ್ಲಾ. ಎರಡು ಗಂಟೆಗೆ ತ್ರೀ ಫೇಸ್ ಕೊಡ್ತಾರೆ. ನೀರು ಕಟ್ಟಲಿಲ್ಲ ಅಂದ್ರೆ ಕಬ್ಬು ಒಣಗೋಯ್ತದೆ."

ನಾನೂ ಹೊರಟೆ. ಬದುವಿನ ಮೇಲೆ ಅವರು ಮುಂದೆ, ನಾನು ಹಿಂದೆ. ನಾಲ್ಕು ಹೆಜ್ಜೆಗೊಮ್ಮೆ ಅಪ್ಪ ಕೆಮ್ಮುತ್ತಿದ್ದರು. ಕೆಮ್ಮು ಬಂದು ಕೆಮ್ಮಿದ್ದಲ್ಲ. ಕಬ್ಬಿನೊಳಗೆ ಚಿರತೆ ಇದ್ದರೆ ಸದ್ದಿಗೆ ಹೋಗಲಿ ಅಂತ. 2022ರ ಕೊನೆಯಲ್ಲಿ ತಿ. ನರಸೀಪುರದ ಕಡೆ ಚಿರತೆ ಜನರನ್ನೇ ಕೊಂದಿತ್ತು, ಆ ಭಯ ನಮ್ಮ ಕಡೆ ಇನ್ನೂ ಹೋಗಿಲ್ಲ. ಸ್ಟಾರ್ಟರ್ ಒತ್ತಿದರು, ಮೋಟರ್ ಗುಂಯ್ ಅಂತು. ಕಾಲು ಗಂಟೆಗೆ ಕರೆಂಟ್ ಹೋಯಿತು. ಮತ್ತೆ ಬಂದಿದ್ದು ಮೂರೂ ಮುಕ್ಕಾಲಿಗೆ. ಅಲ್ಲಿಯವರೆಗೂ ಅಪ್ಪ ಪಂಪ್‌ಹೌಸ್ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ಅವರಿಗೆ 68 ವರ್ಷ.

ನಮ್ಮ ಮಂಡ್ಯ, ಮೈಸೂರಿಗೆ ಮುಂದೆ ಎಷ್ಟು ಕರೆಂಟ್ ಬೇಕು, ಎಲ್ಲಿಂದ ತರಬೇಕು ಅಂತ ಲೆಕ್ಕ ಹಾಕುವವರು ಆ ಬಾಗಿಲಿನಿಂದಲೇ ಲೆಕ್ಕ ಶುರು ಮಾಡಬೇಕು ಅನ್ನೋದು ನನ್ನ ಮಾತು. ಬಿಸಿಲು ಹಗಲಲ್ಲಿ ಇದೆ, ಪಂಪು ರಾತ್ರಿ ಓಡುತ್ತಿದೆ. ಇದನ್ನು ಮೊದಲು ಸರಿ ಮಾಡಬೇಕು, ಅಲ್ವಾ?

ದಾರಿ ಇಲ್ಲದೇ ಇಲ್ಲ. ಪಿಎಂ ಕುಸುಮ್ ಯೋಜನೆ 2019ರಲ್ಲೇ ಬಂತು. ಪಂಪ್‌ಸೆಟ್ಟಿನ ಫೀಡರ್‌ಗೇ, ಅಂದರೆ ಸಬ್‌ಸ್ಟೇಷನ್‌ನಿಂದ ಪಂಪ್‌ಸೆಟ್ಟುಗಳಿಗೆ ಬರುವ ಲೈನಿಗೇ, ಸೋಲಾರ್ ಕೊಡುವುದಕ್ಕೆ ಅದರಲ್ಲಿ ಅವಕಾಶ ಇದೆ. ರೈತ ಮೋಟರ್ ಬದಲಿಸಬೇಕಿಲ್ಲ, ಸಾಲ ಮಾಡಬೇಕಿಲ್ಲ. ಸಬ್‌ಸ್ಟೇಷನ್ ಹತ್ತಿರ ಪ್ಯಾನೆಲ್ ಹಾಕಿದರೆ ಅದೇ ತಂತಿಯಲ್ಲಿ ಹಗಲು ಕರೆಂಟ್ ಬರುತ್ತದೆ. ಒಂದು ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆ ಸಾಕು. ಒಳ್ಳೆ ಬಿಸಿಲಿರುವಾಗ ಅಷ್ಟರಲ್ಲಿ 5 ಎಚ್‌ಪಿಯ ಸುಮಾರು 200 ಮೋಟರ್ ಓಡುತ್ತವೆ. ಆದರೆ ನಾಲೆ ನೀರು ಹರಿಯುವ ಗದ್ದೆಗೆ ಮಾತ್ರ ಕೈ ಹಾಕಬಾರದು. ಖರಾಬು ಜಮೀನು ನೋಡಿ. ಗುಜರಾತಿನಲ್ಲಿ 2012ರಲ್ಲೇ ನಾಲೆಯ ಮೇಲೆ ಪ್ಯಾನೆಲ್ ಹೊದಿಸಿದ್ದಾರೆ. ನಮ್ಮ ವಿಶ್ವೇಶ್ವರಯ್ಯ ನಾಲೆ ಎಷ್ಟು ಉದ್ದ ಇದೆ, ಒಂದು ತುಂಡಿನ ಮೇಲಾದರೂ ಹಾಕಿ ನೋಡಬಾರದಾ?

ಮೈಸೂರಿನವರು ತಾರಸಿ ಮೇಲೆ ಹಾಕಿಸಿಕೊಳ್ಳಲಿ. 3 ಕಿಲೋವ್ಯಾಟ್‌ಗೆ ಕೇಂದ್ರದಿಂದ 78,000 ರೂಪಾಯಿ ಸಬ್ಸಿಡಿ ಇದೆ. ಆದರೆ ಸಂಜೆ ಏಳಕ್ಕೆ ಎಲ್ಲರ ಮನೆಯಲ್ಲೂ ದೀಪ, ಟಿವಿ, ಮಿಕ್ಸಿ ಶುರುವಾಗುವ ಹೊತ್ತಿಗೆ ಸೂರ್ಯ ಇರುವುದಿಲ್ಲ.

ಈ ತೊಂದರೆ ನಮ್ಮ ಜಿಲ್ಲೆಗೆ ಹೊಸದಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ಹುಟ್ಟಿತು. ಅದು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, ಆಮೇಲೆ 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಗಣಿಗೆ ಕರೆಂಟ್ ಸಾಲುತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆ ಕಟ್ಟಲು ಅದೂ ಒಂದು ಕಾರಣ. ಇದ್ದಾಗ ಕೂಡಿಟ್ಟು ಇಲ್ಲದಾಗ ಬಳಸುವ ಯೋಚನೆಯನ್ನು ಹಿರಿಯರು ನೂರು ವರ್ಷದ ಹಿಂದೆಯೇ ಮಾಡಿದ್ದರು. ಈಗಲೂ ಅದನ್ನೇ ಮಾಡಬೇಕು. ಹಗಲು ಪಂಪುಗಳೆಲ್ಲ ಬಿಸಿಲಿನಲ್ಲಿ ಓಡಿದರೆ ಲಿಂಗನಮಕ್ಕಿಯಂಥ ಡ್ಯಾಮಿನ ನೀರನ್ನು ಸಂಜೆಗೆ ಉಳಿಸಬಹುದು. ಜೊತೆಗೆ ನಮ್ಮ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿ ತೆಗೆಯುವ ಕರೆಂಟ್ ಇದೆ. ಅದಕ್ಕೆ ಹಗಲು, ರಾತ್ರಿ ಎರಡೂ ಒಂದೇ. ಆದರೆ ಕಬ್ಬು ಅರೆಯುವ ತಿಂಗಳುಗಳಲ್ಲಿ ಮಾತ್ರ ಸಿಗುತ್ತದೆ.

ನೀರನ್ನೊಂದೇ ನಂಬಿ ಕೂರುವುದಕ್ಕೂ ಆಗಲ್ಲ. 2023ರಲ್ಲಿ ಕೆಆರ್‌ಎಸ್ ತುಂಬಲೇ ಇಲ್ಲ. ಮಳೆ ಕೈಕೊಟ್ಟ ವರ್ಷವೇ ಬೋರ್ ಜಾಸ್ತಿ ಓಡುತ್ತದೆ, ಅದೇ ವರ್ಷ ಡ್ಯಾಮಿನ ಕರೆಂಟೂ ಕಮ್ಮಿಯಾಗುತ್ತದೆ. ಬಿಸಿಲು ಮಾತ್ರ ಬರಗಾಲದಲ್ಲೂ ಇರುತ್ತದೆ.

ನನಗೆ ಒಂದು ಹೆದರಿಕೆ ಇದೆ. 10 ಎಚ್‌ಪಿವರೆಗೂ ಕರೆಂಟ್ ಈಗಲೇ ಉಚಿತ. ಹಗಲೆಲ್ಲ ಸಿಕ್ಕಿದರೆ ಮೋಟರ್ ಆಫ್ ಮಾಡುವವರು ಯಾರು? ಬೋರು ಬತ್ತಿದ ಮೇಲೆ ಎಂಥ ಕರೆಂಟ್ ಇದ್ದರೇನು? ಅದಕ್ಕೇ ಸೋಲಾರ್ ಜೊತೆಗೇ ಹನಿ ನೀರಾವರಿಯೂ ಬರಬೇಕು, ಆಮೇಲೆ ನೋಡೋಣ ಅನ್ನಬಾರದು. ಈ ಮಾತು ಊರಲ್ಲಿ ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬಂದರೂ ಹೇಳಲೇಬೇಕು.

ನಮ್ಮೂರ ಸಬ್‌ಸ್ಟೇಷನ್ ಹಿಂದೆ ಜಾಲಿ ಬೆಳೆದ ಖರಾಬು ಜಮೀನಿದೆ. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಕೇಳೋಣ ಅಂತ ನಾಲ್ಕೈದು ಜನ ಸೇರಿದ್ದೇವೆ. ನಿಮ್ಮೂರ ಫೀಡರ್‌ಗೆ ಸೋಲಾರ್ ಬಂದಿದ್ದರೆ, ಹಗಲು ಎಷ್ಟು ಗಂಟೆ ತ್ರೀ ಫೇಸ್ ನಿಲ್ಲುತ್ತಿದೆ ಅಂತ ದಯವಿಟ್ಟು ತಿಳಿಸಿ. ಸಭೆಗೆ ಹೋಗುವಾಗ ಬರೆದುಕೊಂಡು ಹೋಗುತ್ತೇನೆ.